ಹದಿನೈದು ರೂಪಾಯಿಗೆ ಸುಟ್ಟ ಒಂದು ಗ್ರಾಂ ಇದ್ದಿಲು

೧೯೬೨ನೇ ಇಸವಿಯಲ್ಲಿ ಎರಡು ಗ್ರಾಂ ಇದ್ದಿಲು ಸುಡುವುದಕ್ಕೆ ನಾನು ಇಪ್ಪತ್ತಾರು ರೂಪಾಯಿ ಕೊಟ್ಟಿದ್ದೇನೆ. ಮೊದಲನೇ ಗ್ರಾಂಗೆ ಹನ್ನೊಂದು, ಎರಡನೆಯದಕ್ಕೆ ಹದಿನೈದು. ನೀವು ನಗಬಹುದು. ಅಷ್ಟು ದುಡ್ಡಿಗೆ ಒಂದು ಸಂಸಾರ ಎರಡು ತಿಂಗಳು ಅನ್ನ ಸಾರು ಬೇಯಿಸಿಕೊಳ್ಳುವಷ್ಟು ಇದ್ದಿಲು ಆಗ ನನ್ನ ಡಿಪೋದಲ್ಲೇ ಸಿಗುತ್ತಿತ್ತು. ಮೊದಲನೆಯದಕ್ಕೂ ಹದಿನೈದೇ ಕೇಳಿದ್ದರು. ಚೌಕಾಸಿ ಮಾಡಿ ಹನ್ನೊಂದಕ್ಕೆ ಇಳಿಸಿದೆ. ಎರಡನೆಯದಕ್ಕೆ ಮಾತ್ರ ಕೇಳಿದ ತಕ್ಷಣ ಎಣಿಸಿ ಕೊಟ್ಟುಬಿಟ್ಟೆ. ಸೊಪ್ಪಿನವಳ ಹತ್ತಿರ ಎರಡು ಕಡ್ಡಿ ಕರಿಬೇವನ್ನಾದರೂ ಕೊಸರು ಹಾಕಿಸಿಕೊಳ್ಳದೆ ಬುಟ್ಟಿ ಬಿಟ್ಟು ಏಳದ ಮನುಷ್ಯ ನಾನು. ಅಂಥವನು ಅಂದು ಬಾಯಿ ಮುಚ್ಚಿಕೊಂಡು ಯಾಕೆ ಕೊಟ್ಟೆ ಅನ್ನುವುದನ್ನೇ ಈಗ ಹೇಳುತ್ತೇನೆ.

ನನ್ನದು ಜಯನಗರದಲ್ಲಿ ಸೌದೆ ಮತ್ತು ಇದ್ದಿಲಿನ ಡಿಪೋ. ಹದಿನಾರನೇ ವಯಸ್ಸಿಗೆ ತುಮಕೂರು ಕಡೆಯಿಂದ ಬರಿಗೈಯಲ್ಲಿ ಬಂದು, ಬೇರೆಯವರ ಡಿಪೋದಲ್ಲಿ ಸೌದೆ ಸೀಳಿ, ಮೂಟೆ ಹೊತ್ತು, ಮೂವತ್ತು ತುಂಬುವುದರೊಳಗೆ ಸ್ವಂತ ತಕ್ಕಡಿ ಕಟ್ಟಿದವನು. ಆಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬನಶಂಕರಿ ಗುಡಿ ದಾಟಿದರೆ ರಾಗಿ ಹೊಲ. ಕನಕಪುರ ರಸ್ತೆಯಲ್ಲಿ ಕೋಣನಕುಂಟೆ ಮೇಲೆ ಹಾದು ಇದ್ದಿಲಿನ ಎತ್ತಿನ ಗಾಡಿಗಳು ಬರುತ್ತಿದ್ದವು. ಗಾಡಿಯವರ ಹತ್ತಿರ ಕೊಳ್ಳುವಾಗ ನಾನು ಮೂಟೆಯ ತಳಕ್ಕೆ ಕೈ ಹಾಕಿ, ತುಂಡು ತೆಗೆದು, ಒಂದಕ್ಕೊಂದು ಬಡಿದು ಸದ್ದು ಕೇಳಿಯೇ ದರ ಮಾತಾಡುತ್ತಿದ್ದುದು. ತೇವ ಕಂಡಿತೋ, ಗಾಡಿಯನ್ನೇ ವಾಪಸು ಕಳಿಸುತ್ತಿದ್ದೆ. ‘ನೀರಿಗೆ ದುಡ್ಡು ಕೊಡೋಕೆ ನಾನೇನು ಹುಚ್ಚನೇನಯ್ಯಾ’ ಅನ್ನುತ್ತಿದ್ದೆ.

ಆದರೆ ಆ ಗಾಡಿ ಆಚೆ ಹೋದಮೇಲೆ ನಮ್ಮ ಡಿಪೋದಲ್ಲಿ ಬೇರೆ ಒಂದು ಕೆಲಸ ನಡೆಯುತ್ತಿತ್ತು. ಅದಕ್ಕೆ ನಮ್ಮ ಕಸುಬಿನಲ್ಲಿ ‘ಧೂಳು ಕೂರಿಸೋದು’ ಅಂತ ಹೆಸರು. ಇದ್ದಿಲಿನ ರಾಶಿಯಿಂದ ಕರಿ ಪುಡಿ ಏಳುತ್ತದೆ, ಪಕ್ಕದ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ, ಜಗಳವಾಗುತ್ತದೆ. ಅದಕ್ಕೆ ದಿನಾ ಬೆಳಗ್ಗೆ ರಾಶಿಯ ಮೇಲೆ ನೀರು ಚಿಮುಕಿಸಬೇಕು. ನಾನು ಕೆಲಸ ಕಲಿತ ಡಿಪೋದಲ್ಲೂ ಹಾಗೇ ಮಾಡುತ್ತಿದ್ದರು, ನಾನೂ ಹಾಗೇ ಮಾಡಿದೆ. ಎರಡು ಕೊಡಕ್ಕೆಲ್ಲ ಧೂಳು ಕೂರುತ್ತದೆ. ನಾವು ಹಾಕುತ್ತಿದ್ದದ್ದು ಹತ್ತು ಕೊಡ. ಉಳಿದ ಎಂಟು ಕೊಡ ನೀರು ಎಲ್ಲಿ ಕೂರುತ್ತದೆ ಅಂತ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ತಕ್ಕಡಿಗೆ ಗೊತ್ತಿತ್ತು. ಆಣೆ ಇಟ್ಟು ಹೇಳುತ್ತೇನೆ, ಅದನ್ನು ಮೋಸ ಅಂತ ನಾನು ಅಂದುಕೊಂಡಿರಲೇ ಇಲ್ಲ. ಹೆಸರೇ ಅಷ್ಟು ಮರ್ಯಾದಸ್ಥವಾಗಿತ್ತು.

ನಮ್ಮ ಡಿಪೋದಿಂದ ಎರಡು ರಸ್ತೆ ಆಚೆ ಹೆಣ್ಣುಮಕ್ಕಳ ಒಂದು ಸಣ್ಣ ಹಾಸ್ಟೆಲು ಇತ್ತು. ಮೂವತ್ತು ಹುಡುಗಿಯರು, ಎಲ್ಲರೂ ಕಾಲೇಜಿಗೆ ಹೋಗುವವರು. ಅದರ ಅಡುಗೆಮನೆಗೆ ಆರು ತಿಂಗಳಿಂದ ನನ್ನದೇ ಇದ್ದಿಲು. ಅಲ್ಲಿ ಅಡುಗೆ ಮಾಡುತ್ತಿದ್ದವರು ತಾಯಮ್ಮ ಅಂತ. ನಲವತ್ತರ ಆಸುಪಾಸು, ಗಂಡ ಇಲ್ಲ. ಅಡುಗೆಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಮಗಳನ್ನು ಇಟ್ಟುಕೊಂಡಿದ್ದರು. ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಕೆಲಸ ಇದ್ದರೆ ಕೋಣೆ, ಕೋಣೆ ಇದ್ದರೆ ಮಗಳ ಓದು.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹಾಸ್ಟೆಲಿನ ಕಾರ್ಯದರ್ಶಿ ಶ್ರೀಕಂಠಯ್ಯ ಮೇಷ್ಟ್ರು ಡಿಪೋಗೆ ಬಂದರು. ಅವರು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಹಾಸ್ಟೆಲಿನ ಕೆಲಸ ಸಂಬಳವಿಲ್ಲದೆ ಮಾಡುತ್ತಿದ್ದರು. ಹಿಂದೆಯೇ ತಾಯಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ರೀತಿ ನೋಡಿಯೇ ನಾನು ತಕ್ಕಡಿಯ ಹಿಂದಕ್ಕೆ ಸರಿದೆ.

“ರುದ್ರಪ್ಪನವರೇ, ಹಾಸ್ಟೆಲಲ್ಲಿ ದಿನಾ ತಿಂಡಿ ತಡ ಆಗ್ತಿದೆ,” ಅಂದರು ಮೇಷ್ಟ್ರು. “ಹುಡುಗೀರು ಖಾಲಿ ಹೊಟ್ಟೇಲಿ ಬಸ್ಸು ಹತ್ತುತಾರೆ. ಕಮಿಟಿಯವರು ತಾಯಮ್ಮನ್ನ ಬದಲಾಯಿಸಿ ಅಂತಿದಾರೆ. ಈಕೆ ನಿಮ್ಮ ಇದ್ಲು ಸರಿ ಇಲ್ಲ ಅಂತಾರೆ.”

“ನನ್ನ ಇದ್ಲಾ ಸಾರ್? ಬಂಗಾರ ಸಾರ್!”

“ಬಂಗಾರಾನೇ ಇರ್ಬೇಕು ಬಿಡಣ್ಣ, ಅದೂ ಹತ್ಕೊಳಲ್ಲ,” ಅಂದರು ತಾಯಮ್ಮ. “ನಾಲ್ಕು ಗಂಟೆಗೆ ಎದ್ದು ಊದುಕೊಳವೆ ಹಿಡಿದ್ರೆ ಆರಾದ್ರೂ ಕೆಂಡ ಆಗಲ್ಲ. ಬರೀ ಹೊಗೆ. ನನ್ನ ಕಣ್ಣು ನೋಡಿ. ಒಳ್ಳೇ ಟೊಮೇಟೊ ಹಣ್ಣು ಆಗಿದೆ.”

“ಊದೋ ಕ್ರಮ ಗೊತ್ತಿರಬೇಕಮ್ಮ. ಮೊದ್ಲು ಚಿಕ್ಕ ತುಂಡು ಇಟ್ಟು...”

“ನನಗೆ ಒಲೆ ಹಚ್ಚೋದು ಹೇಳ್ಕೊಡ್ತೀರಾ? ನೀವು ಹುಟ್ಟಿದಾಗ ನಿಮ್ಮಮ್ಮನ ಬಾಣಂತಿ ನೀರು ಯಾರು ಕಾಯ್ಸಿದ್ದು, ನಿಮ್ಮಪ್ಪನಾ?”

ರಸ್ತೆಯಲ್ಲಿ ಹೋಗುವವರು ನಿಂತು ನೋಡುವುದಕ್ಕೆ ಶುರುಮಾಡಿದರು. ಮೇಷ್ಟ್ರು ಕೈ ಎತ್ತಿ, “ಜಗಳ ಬೇಡ. ನಮ್ಮ ಕಾಲೇಜಲ್ಲಿ ಇದನ್ನ ಅಳೆಯೋ ಯಂತ್ರ ಇದೆ. ಒಂದು ಗ್ರಾಂ ಇದ್ಲಲ್ಲಿ ಎಷ್ಟು ಶಾಖ ಇದೆ ಅಂತ ಹೇಳಿಬಿಡುತ್ತೆ. ಒಳ್ಳೇ ಇದ್ಲಾದ್ರೆ ಏಳು ಸಾವಿರದ ಹತ್ತಿರ ಬರ್ಬೇಕು. ಬಂದ್ರೆ ನಿಮ್ಮದು ತಪ್ಪಿಲ್ಲ, ತಾಯಮ್ಮನ ಜಾಗಕ್ಕೆ ಬೇರೆಯವರನ್ನ ನೋಡ್ತೀವಿ. ಬರಲಿಲ್ಲ ಅಂದ್ರೆ ನಾವು ಬೇರೆ ಡಿಪೋ ನೋಡ್ಕೋತೀವಿ. ಆಗಬಹುದಾ?” ಅಂದರು.

ತಾಯಮ್ಮ ತಕ್ಷಣ “ಆಗ್ಬೋದು ಸಾರ್” ಅಂದುಬಿಟ್ಟರು. ಹೊರಗಿನವರ ಸಾಮಾನು ಪರೀಕ್ಷೆ ಮಾಡಿಸಲು ಕಾಲೇಜಿಗೆ ಹದಿನೈದು ರೂಪಾಯಿ ಕಟ್ಟಬೇಕಂತೆ. ಹಾಸ್ಟೆಲಿನ ಹತ್ತಿರ ಅದಕ್ಕೆ ದುಡ್ಡಿಲ್ಲ, ವ್ಯಾಪಾರ ಉಳಿಸಿಕೊಳ್ಳಬೇಕಾದವನು ನಾನೇ ಕಟ್ಟಬೇಕು ಅಂದರು. ನಾನು ಅಲ್ಲೇ ಶುರುಹಚ್ಚಿಕೊಂಡೆ. ಒಂದು ಗ್ರಾಂ ಇದ್ಲಿಗೆ ಹದಿನೈದಾ, ನಾನು ಬೂದಿಯನ್ನೂ ವಾಪಸು ಕೇಳುವುದಿಲ್ಲ, ಸೀಮೆಎಣ್ಣೆ ಬೇಕಾದರೆ ಮನೆಯಿಂದ ತರುತ್ತೇನೆ ಅಂತೆಲ್ಲ ಹೇಳಿ, ಮೇಷ್ಟ್ರು ಪ್ರಿನ್ಸಿಪಾಲರನ್ನು ಕೇಳಿ ಹನ್ನೊಂದಕ್ಕೆ ಒಪ್ಪಿಸುವ ಹಾಗೆ ಮಾಡಿದೆ.

ಆವತ್ತು ಮಧ್ಯಾಹ್ನವೇ ನಾನು ರಾಶಿಯ ಮುಂದೆ ಕೂತು ತುಂಡು ಆರಿಸಿದೆ. ಗಟ್ಟಿ ಮರದ್ದು, ಬಡಿದರೆ ಗಂಟೆಯ ಹಾಗೆ ಠಣ್ ಅನ್ನುವಂಥದ್ದು, ಹತ್ತು ತುಂಡು. ಮನೆಗೆ ತಂದು ಬಚ್ಚಲೊಲೆಯ ದಂಡೆಯ ಮೇಲೆ ಸಾಲಾಗಿ ಜೋಡಿಸಿದೆ. ಮೂರು ದಿನ ಅಲ್ಲೇ ಬೆಚ್ಚಗೆ ಒಣಗಿದವು. ದಿನಕ್ಕೆ ಎರಡು ಸಲ ನಾನೇ ಮಗ್ಗುಲು ತಿರುಗಿಸುತ್ತಿದ್ದೆ. ನನ್ನ ಹೆಂಡತಿ ಗೌರಿ ನೋಡಿ ನೋಡಿ ಸಾಕಾಗಿ, “ಪರೀಕ್ಷೆಗೆ ಹೋಗೋದು ಇದ್ಲೋ ನಿಮ್ಮ ಮಗನೋ? ಹೇಳಿ, ತಲೆ ಬಾಚಿ ಹಣೆಗೆ ವಿಭೂತಿ ಹಚ್ಚಿ ಕಳಿಸ್ತೀನಿ,” ಅಂದಳು.

ಗೊತ್ತುಪಡಿಸಿದ ದಿನ ಬೆಳಗ್ಗೆ ಹತ್ತು ಗಂಟೆಗೆ ಮೂವರೂ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೇರಿದೆವು. ನನ್ನ ಕೈಯಲ್ಲಿ ಕಾಗದದ ಪೊಟ್ಟಣ. ತಾಯಮ್ಮನ ಕೈಯಲ್ಲಿ ಮುಚ್ಚಳ ಬಿಗಿದ ಒಂದು ತಗಡಿನ ಡಬ್ಬಿ. ಅವತ್ತು ಬೆಳಗ್ಗೆ ಹಾಸ್ಟೆಲಿನ ಮೂಟೆಯಿಂದಲೇ ತುಂಬಿ ತಂದಿದ್ದರು.

“ಎರಡೂ ಒಂದೇ ರಾಶಿದಾ?” ಅಂತ ಮೇಷ್ಟ್ರು ನನ್ನನ್ನು ಕೇಳಿದರು.

“ಒಂದೇ ರಾಶಿ ಸಾರ್,” ಅಂದೆ. ಅದರಲ್ಲಿ ಸುಳ್ಳಿಲ್ಲ, ನೋಡಿ. ರಾಶಿ ಒಂದೇ.

“ಹಾಗಾದ್ರೆ ಎರಡೂ ಸುಡಬೇಕಾ?”

“ಯಾಕೆ ಸಾರ್ ಸುಮ್ನೆ ಇನ್ನೊಂದಷ್ಟು ಖರ್ಚು? ಒಂದು ಸಾಕು.” ತಾಯಮ್ಮ ಏನೋ ಹೇಳುವುದಕ್ಕೆ ಬಾಯಿ ತೆರೆದರು. ಮೇಷ್ಟ್ರು ಅಷ್ಟರಲ್ಲಿ ನನ್ನ ಪೊಟ್ಟಣ ಬಿಚ್ಚಿಯಾಗಿತ್ತು. ಡಬ್ಬಿಯನ್ನು ಕಿಟಕಿಯ ಹತ್ತಿರ ಇಡಿಸಿದರು.

ಅಲ್ಲಿ ಕಂಡದ್ದನ್ನು ನಾನು ಇವತ್ತಿಗೂ ಬಾಯಿಪಾಠ ಹೇಳಬಲ್ಲೆ. ಮೊದಲು ಇದ್ದಿಲನ್ನು ಕುಟ್ಟಿ ನುಣ್ಣಗೆ ಪುಡಿ ಮಾಡಿದರು. ಆಮೇಲೆ ಗಾಜಿನ ಪೆಟ್ಟಿಗೆಯೊಳಗಿದ್ದ ಒಂದು ತಕ್ಕಡಿಯಲ್ಲಿ ಒಂದೇ ಒಂದು ಗ್ರಾಂ ತೂಗಿದರು. ಉಸಿರು ತಾಗಿದರೆ ಅಲ್ಲಾಡುತ್ತದೆ ಅಂತ ಗಾಜಿನ ಬಾಗಿಲು ಹಾಕಿಯೇ ತೂಗುವುದು. ಇಪ್ಪತ್ತು ವರ್ಷ ತಕ್ಕಡಿ ಹಿಡಿದವನು ನಾನು, ಅದರ ಮುಂದೆ ನನಗೇ ಅರಿವಿಲ್ಲದೆ ಚಪ್ಪಲಿ ಬಿಟ್ಟು ನಿಂತಿದ್ದೆ. ಪುಡಿಯನ್ನು ಪುಟ್ಟ ಬಟ್ಟಲಿಗೆ ಹಾಕಿ, ಅದಕ್ಕೆ ತಾಗುವ ಹಾಗೆ ಕೂದಲಿನಂಥ ತಂತಿ ಕಟ್ಟಿ, ದಪ್ಪ ಉಕ್ಕಿನ ಒಂದು ಡಬ್ಬಿಯೊಳಗಿಟ್ಟು ಮುಚ್ಚಳ ತಿರುಪಿದರು. ಸಿಲಿಂಡರಿನಿಂದ ಅದಕ್ಕೆ ಆಮ್ಲಜನಕ ತುಂಬಿದರು.

“ಇದಕ್ಕೆ ಬಾಂಬ್ ಅಂತಾರೆ,” ಅಂದರು ಮೇಷ್ಟ್ರು, ಮಕ್ಕಳಿಗೆ ಹೇಳುವ ಹಾಗೆ.

ತಾಯಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋದರು. “ನನ್ನ ಕೆಲಸದಿಂದ ತೆಗೆಯೋಕೆ ಬಾಂಬ್ ಯಾಕೆ ಸಾರ್? ಬಾಯಲ್ಲಿ ಹೇಳಿದ್ರೆ ಸಾಕಾಗಿತ್ತಲ್ಲ!”

ಮೇಷ್ಟ್ರು ನಕ್ಕು, ಅದು ಸಿಡಿಯುವುದಿಲ್ಲ, ಒಳಗೇ ಉರಿಯುತ್ತದೆ ಅಂತ ಸಮಾಧಾನ ಹೇಳಿ, ಆ ಡಬ್ಬಿಯನ್ನು ನೀರು ತುಂಬಿದ ಹೊಳಪಿನ ಪಾತ್ರೆಯಲ್ಲಿ ಮುಳುಗಿಸಿದರು. ಸುತ್ತ ಇನ್ನೊಂದು ಪಾತ್ರೆ, ಶಾಖ ಆಚೆ ಹೋಗದ ಹಾಗೆ. ನೀರು ಕಲಕುವುದಕ್ಕೆ ಒಂದು ಕಡ್ಡಿ, ನೋಡುವುದಕ್ಕೆ ಒಂದು ಉದ್ದದ ಥರ್ಮಾಮೀಟರು. ಇಷ್ಟಕ್ಕೆಲ್ಲ ಸೇರಿ ಕ್ಯಾಲೊರಿಮೀಟರು ಅಂತ ಹೆಸರು.

“ಒಂದು ಗ್ರಾಂ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಎಷ್ಟು ಶಾಖ ಬೇಕೋ, ಅದು ಒಂದು ಕ್ಯಾಲೊರಿ,” ಅಂದರು.

“ಅಂದ್ರೆ ನಮ್ಮ ಸೇರು ಇದ್ದ ಹಾಗೆ ಸಾರ್. ಶಾಖದ ಸೇರು.”

“ಭೇಷ್! ನಮ್ಮ ಹುಡುಗರಿಗೆ ಇಷ್ಟು ಬೇಗ ಅರ್ಥ ಆಗಲ್ಲ.”

ನನಗೆ ಹೆಮ್ಮೆಯಾಯಿತು. ಮೇಷ್ಟ್ರು ಸ್ವಿಚ್ಚು ಒತ್ತಿದರು. ಸದ್ದಿಲ್ಲ, ಬೆಳಕಿಲ್ಲ, ಹೊಗೆಯಿಲ್ಲ. ಹನ್ನೊಂದು ರೂಪಾಯಿಗೆ ಒಂದು ಪಟಾಕಿಯಷ್ಟಾದರೂ ಸದ್ದು ಬರುತ್ತದೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಥರ್ಮಾಮೀಟರಿನ ಪಾದರಸ ಏರತೊಡಗಿತು. ಮೇಷ್ಟ್ರು ಭೂತಗನ್ನಡಿ ಹಿಡಿದು ನಿಮಿಷಕ್ಕೊಂದು ಸಲ ಓದಿ ಬರೆದುಕೊಳ್ಳುತ್ತಿದ್ದರು. ಒಂದು ಡಿಗ್ರಿ. ಎರಡು. ಎರಡೂವರೆ. ಕೊನೆಗೆ ಎರಡು ಪಾಯಿಂಟ್ ಎಂಟು ಎರಡಕ್ಕೆ ಬಂದು ನಿಂತಿತು.

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಸಾರ್, ಅಷ್ಟು ದೂರ ಹತ್ತಿದೆ ಪಾಪ. ಮೇಲೆ ಇನ್ನೊಂದು ಚೂರು ಕೊಸರು ಹಾಕ್ಕೊಳ್ಳಿ,” ಅಂದೆ.

ಬೈಯುತ್ತಾರೆ ಅಂದುಕೊಂಡೆ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿ, “ನಿಮಗೆ ಯಾರು ಹೇಳಿದ್ದು?” ಅಂದರು. “ಇಲ್ಲಿ ನಿಜವಾಗಲೂ ಕೊಸರು ಇದೆ ರುದ್ರಪ್ಪನವರೇ. ನೀರು ಬಿಸಿ ಆಗ್ತಾ ಇರುವಾಗಲೇ ಸ್ವಲ್ಪ ಶಾಖ ಪಾತ್ರೆಯಿಂದ ಆಚೆ ಸೋರಿಹೋಗಿರುತ್ತೆ. ಅದು ಕಣ್ಣಿಗೆ ಕಾಣಲ್ಲ, ಆದರೆ ಹೋಗಿರುತ್ತೆ. ಅದನ್ನ ಲೆಕ್ಕ ಹಾಕಿ ಸೇರಿಸಬೇಕು. ಸೇರಿಸದೆ ಬರೆದ್ರೆ ಪರೀಕ್ಷೆ ಸುಳ್ಳು.” ಸೇರಿಸಿದರು. ಎರಡು ಪಾಯಿಂಟ್ ಎಂಟು ಐದು ಆಯಿತು.

ಆಮೇಲೆ ಗುಣಾಕಾರ. ನೀರು ಎರಡು ಸಾವಿರ ಗ್ರಾಂ. ಪಾತ್ರೆ, ಬಾಂಬು ಇವೂ ಶಾಖ ಕುಡಿಯುತ್ತವಲ್ಲ, ಅವು ನಾನೂರು ಗ್ರಾಂ ನೀರಿಗೆ ಸಮ. ಒಟ್ಟು ಎರಡು ಸಾವಿರದ ನಾನೂರು. ಅದನ್ನು ಎರಡು ಪಾಯಿಂಟ್ ಎಂಟು ಐದರಿಂದ ಗುಣಿಸಿದರೆ ಆರು ಸಾವಿರದ ಎಂಟುನೂರ ನಲವತ್ತು ಕ್ಯಾಲೊರಿ.

“ಏಳು ಸಾವಿರದ ಹತ್ತಿರಾನೇ ಇದೆ. ಒಳ್ಳೇ ಇದ್ಲು,” ಅಂದರು ಮೇಷ್ಟ್ರು. ಪುಸ್ತಕದಲ್ಲಿ ಬರೆದು, ಪೆನ್ನಿನ ಮುಚ್ಚಳ ಹಾಕಿ, ಕನ್ನಡಕ ತೆಗೆದು ಒರೆಸತೊಡಗಿದರು. ಅವರಿಗೂ ತಾಯಮ್ಮನ ಮುಖ ನೋಡುವುದು ಕಷ್ಟವಾಗಿತ್ತು ಅಂತ ಕಾಣುತ್ತದೆ. ಕೊನೆಗೆ, “ತಾಯಮ್ಮ, ಏನ್ಮಾಡೋದು...” ಅಂದರು.

ತಾಯಮ್ಮ ಬೈಯುತ್ತಾರೆ, ಕೂಗಾಡುತ್ತಾರೆ ಅಂತ ನಾನು ಕಾದಿದ್ದೆ. ಬೈದಿದ್ದರೆ ನಾನೂ ಬೈದು, ಜಗಳ ಗೆದ್ದು, ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದೆ. ಅವರು ಬೈಯಲಿಲ್ಲ. “ಒಂದೇ ಒಂದು ತಿಂಗಳು ಕೊಡಿ ಸಾರ್. ಮಗಳ ಪರೀಕ್ಷೆ ಮುಗಿದ್ಮೇಲೆ ಕೋಣೆ ಖಾಲಿ ಮಾಡ್ತೀನಿ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಅಣ್ಣ, ನಿಮ್ಮ ಇದ್ಲು ಒಳ್ಳೇದಂತೆ. ಬೀದೀಲಿ ನಿಂತು ನಿಮ್ಮಪ್ಪನ್ನೆಲ್ಲ ಎಳೆದು ಮಾತಾಡ್ಬಿಟ್ಟೆ. ನನ್ನ ಕೈಯೇ ಕೆಟ್ಟಿರ್ಬೇಕು. ಮನಸ್ಸಲ್ಲಿ ಇಟ್ಕೋಬೇಡಿ,” ಅಂದರು.

ಅವರ ಕೈ ನೋಡಿದೆ. ಬೆರಳ ಸಂದಿಯಲ್ಲೆಲ್ಲ ನನ್ನ ಇದ್ದಿಲಿನ ಕರಿ. ಕಣ್ಣು ಕೆಂಪಗೇ ಇತ್ತು. ಮೂವತ್ತು ಹುಡುಗಿಯರಿಗೆ ನಾಲ್ಕು ಗಂಟೆಗೆ ಎದ್ದು ಒದ್ದೆ ಇದ್ದಿಲನ್ನು ಊದಿ ಊದಿ ಉರಿಸಿದ ಹೆಂಗಸು, ಆ ನೀರು ಹಾಕಿದವನ ಹತ್ತಿರ ಕ್ಷಮೆ ಕೇಳುತ್ತಿದ್ದರು. ನನ್ನ ಜೀವನದಲ್ಲಿ ಬೇಕಾದಷ್ಟು ಜನ ಬೈದಿದ್ದಾರೆ. ಲಾರಿಯವರು ಬೈದಿದ್ದಾರೆ, ಬಾಡಿಗೆ ಸೈಟಿನ ಯಜಮಾನ ಬೈದಿದ್ದಾನೆ, ಯಾವುದೂ ಅರ್ಧ ಗಂಟೆಗಿಂತ ಹೆಚ್ಚು ನನ್ನಲ್ಲಿ ನಿಂತಿಲ್ಲ. ಈ ಮಾತು ಮಾತ್ರ ಎದೆಯಲ್ಲೇ ನಿಂತುಬಿಟ್ಟಿತು.

“ಸಾರ್,” ಅಂದೆ. ಕಿಟಕಿಯ ಕಡೆ ಕೈ ತೋರಿಸಿದೆ. “ಸಾರ್, ಆ ಡಬ್ಬೀದೂ ಒಂದು ಸಲ ಸುಟ್ಬಿಡಿ.”

“ಒಂದೇ ರಾಶಿ ಅಂದ್ರಲ್ಲ?”

“ರಾಶಿ ಒಂದೇ ಸಾರ್. ಆದ್ರೆ ನಾನು ತಂದಿದ್ದು ಮೂರು ದಿನ ಬಚ್ಚಲೊಲೆ ಮೇಲೆ ಒಣಗಿದ್ದು. ಅವರಿಗೆ ಕಳಿಸೋದು ಧೂಳು ಕೂರ್ಸಿದ್ದು.”

“ಧೂಳು ಕೂರಿಸೋದು ಅಂದ್ರೆ?”

ಹೇಳಿದೆ. ಎಷ್ಟು ಕೊಡ ಅಂತಲೂ ಹೇಳಿದೆ. ಹೇಳುತ್ತಾ ಹೋದ ಹಾಗೆ ಆ ಮಾತು ನನ್ನ ಕಿವಿಗೇ ಬೇರೆ ಥರ ಕೇಳಿಸಿತು. ಮೇಷ್ಟ್ರು ಕೇಳಿಸಿಕೊಂಡು, “ಇನ್ನೊಂದು ಪರೀಕ್ಷೆಗೆ ಇನ್ನೊಂದು ಸಲ ಕಟ್ಟಬೇಕಾಗುತ್ತೆ. ಈ ಸಲ ಪ್ರಿನ್ಸಿಪಾಲರನ್ನ ಕೇಳೋಕೆ ನನಗೆ ಮುಖ ಇಲ್ಲ, ಹದಿನೈದೇ,” ಅಂದರು. ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ.

ಮೇಷ್ಟ್ರು ದುಡ್ಡು ನೋಡಿದರು, ನನ್ನನ್ನು ನೋಡಿದರು. “ಚೌಕಾಸಿ ಇಲ್ವಾ? ಮೈ ಹುಷಾರಿದೆ ತಾನೆ?” ಅಂದರು. ನಗು ಬಂತು, ನಗಲಿಕ್ಕೆ ಆಗಲಿಲ್ಲ.

ಮತ್ತೆ ಕುಟ್ಟುವುದು, ತೂಗುವುದು, ತಂತಿ ಕಟ್ಟುವುದು. ಡಬ್ಬಿಯಲ್ಲಿದ್ದ ಇದ್ದಿಲು ಒರಳಿನಲ್ಲಿ ಪುಡಿಯಾಗುವ ಬದಲು ಅಂಟಿಕೊಳ್ಳುತ್ತಿತ್ತು. ಆಗಲೇ ಮೇಷ್ಟ್ರಿಗೆ ಗೊತ್ತಾಯಿತು ಅಂತ ಕಾಣುತ್ತದೆ, ‘ಹೂಂ’ ಅಂದರು. ಈ ಸಲ ನಾವು ಮೂವರೂ ಥರ್ಮಾಮೀಟರಿಗೆ ಮುಖ ಹತ್ತಿಸಿಕೊಂಡು ನಿಂತಿದ್ದೆವು. ತಾಯಮ್ಮನಿಗೆ ಅಂಕಿ ಓದಲು ಬರುತ್ತಿರಲಿಲ್ಲ. “ಎಲ್ಲೀಗಂಟ ಬಂತು ಸಾರ್? ಇನ್ನೂ ಹತ್ತುತಾ ಇದೆಯಾ?” ಅಂತ ಕೇಳುತ್ತಲೇ ಇದ್ದರು. ಪಾದರಸ ಎರಡು ಡಿಗ್ರಿ ದಾಟಿತು, ಇನ್ನೊಂದು ಸ್ವಲ್ಪ ಏರಿತು, ನಿಂತಿತು. ಅದು ಅಲ್ಲೇ ನಿಲ್ಲಲಿ ಅಂತ ಬೇಡಿಕೊಂಡವನು ನಾನೇ. ನನ್ನ ಸ್ವಂತ ಸಾಮಾನು ಕಡಿಮೆ ತೂಗಲಿ ಅಂತ ಹಾರೈಸಿದ್ದು ಅದೊಂದೇ ಸಲ.

ಸೋರಿದ್ದನ್ನೂ ಸೇರಿಸಿ ಎರಡು ಪಾಯಿಂಟ್ ಮೂರು. ಎರಡು ಸಾವಿರದ ನಾನೂರರಿಂದ ಗುಣಿಸಿದರೆ ಐದು ಸಾವಿರದ ಐನೂರ ಇಪ್ಪತ್ತು.

“ನೋಡಿ,” ಅಂದರು ಮೇಷ್ಟ್ರು. “ಒಂದು ಗ್ರಾಂ ಅಂತ ತೂಗಿದ್ವಲ್ಲ, ಅದರಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ನೀರು. ನೀರು ಉರಿಯಲ್ಲ. ಇಲ್ಲಿ ಆಮ್ಲಜನಕ ತುಂಬಿದ್ರಿಂದ ಇಷ್ಟಾದ್ರೂ ಉರೀತು. ಪಾಪ ಆ ಒಲೇಲಿ ಮೊದಲು ಈ ನೀರು ಆವಿಯಾಗಬೇಕು, ಆಮೇಲೆ ಇದ್ಲು ಹತ್ಕೋಬೇಕು, ಆಮೇಲೆ ಉಪ್ಪಿಟ್ಟು.”

ತಾಯಮ್ಮನಿಗೆ ಲೆಕ್ಕ ಅರ್ಥವಾಗಲಿಲ್ಲ, ವಿಷಯ ಅರ್ಥವಾಯಿತು. ಸೆರಗು ಮತ್ತೆ ಸೊಂಟಕ್ಕೆ ಸಿಕ್ಕಿತು. “ಅಲ್ಲ ಕಣಣ್ಣ, ಆರು ತಿಂಗಳಿಂದ ನಾನು ಊದಿದ್ದು ಒಲೆನಾ, ನಿಮ್ಮ ಬಾವಿನಾ?”

“ತಪ್ಪಾಯ್ತಕ್ಕ.”

“ತಪ್ಪಾಯ್ತಂತೆ! ಐದು ಮೂಟೆಗೆ ಒಂದು ಮೂಟೆ ನೀರು ಹೊರಿಸಿ ಕಳಿಸಿದೀರಲ್ಲ, ಬಿಂದಿಗೆ ಆದ್ರೂ ಜೊತೆಗೆ ಕಳಿಸ್ಬಾರ್ದಾಗಿತ್ತಾ? ಬೇಸಗೇಲಿ ನಲ್ಲಿ ನಿಂತಾಗ ಹುಡುಗೀರು ಸ್ನಾನ ಆದ್ರೂ ಮಾಡ್ಕೋತಿದ್ರು!”

ಪ್ರಯೋಗಶಾಲೆಯ ಅಟೆಂಡರು ಬಾಗಿಲ ಹತ್ತಿರ ಬಂದು ಇಣುಕಿದ. ಮೇಷ್ಟ್ರು ಟೇಬಲಿಗೆ ಕೈ ಊರಿಕೊಂಡು ನಗುತ್ತಿದ್ದರು. ಆ ಬೈಗುಳ ನನಗೆ ಎಷ್ಟು ಹಿತವಾಗಿತ್ತು ಅಂದರೆ, ಇನ್ನೂ ಸ್ವಲ್ಪ ಬೈಯಲಿ ಅನ್ನಿಸುತ್ತಿತ್ತು.

ಮೇಷ್ಟ್ರು ಎರಡು ಚೀಟಿಯನ್ನೂ ಕಮಿಟಿಯ ಮುಂದಿಟ್ಟರು. ತಾಯಮ್ಮನ ಕೆಲಸ ಉಳಿಯಿತು. ನನ್ನ ವ್ಯಾಪಾರ ಹೋಯಿತು ಅಂತಲೇ ನಾನು ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ತಾಯಮ್ಮನೇ ಡಿಪೋಗೆ ಬಂದು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಬೇರೆ ಎರಡು ಡಿಪೋ ನೋಡ್ಕೊಂಡು ಬಂದೆ. ಅಲ್ಲೂ ಧೂಳು ಚೆನ್ನಾಗಿ ಕೂತಿದೆ,” ಅಂದರು. “ಅವರು ಒಪ್ಕೊಳಲ್ಲ, ನೀವು ಒಪ್ಕೊಂಡ್ರಿ. ನಿಮ್ಮ ಹತ್ರಾನೇ ತಗೋತೀವಿ. ಗಾಡಿ ಬಂದ ದಿನ ಹೇಳ್ಕಳಿಸಿ, ನೀರು ಬೀಳೋಕೆ ಮುಂಚೆ ನಾನೇ ಬಂದು ಆರಿಸ್ಕೋತೀನಿ.”

“ಒಣದಾದ್ರೆ ಮೂಟೆ ದರ ಸ್ವಲ್ಪ ಏರುತ್ತೆ ಅಕ್ಕ. ತೂಕ ಬರಲ್ವಲ್ಲ,” ಅಂದೆ. ಹುಟ್ಟುಗುಣ, ಸುಮ್ಮನಿರಲಿಲ್ಲ.

“ಏರ್ಲಿ. ಆರು ತಿಂಗಳು ನೀರು ಮಾರಿದ್ರಲ್ಲ, ಅದು ಮೊದ್ಲು ಇಳೀಲಿ. ಇನ್ನಾರು ತಿಂಗಳು ಐದು ಮೂಟೆಗೊಂದು ಮೂಟೆ ದುಡ್ಡಿಲ್ದೆ ಹಾಕಿ.”

“ಅಕ್ಕಾ, ಹತ್ತಕ್ಕೊಂದು...”

“ಮೇಷ್ಟ್ರನ್ನ ಕರೀಲಾ? ಬಾಂಬ್ ತರ್ಲಾ?”

ಐದಕ್ಕೊಂದಕ್ಕೇ ಮುಗಿಯಿತು. ನನ್ನ ಎದುರು ನಿಂತು ಚೌಕಾಸಿಯಲ್ಲಿ ನನ್ನನ್ನು ಒಂದು ಪೈಸೆಯೂ ಅಲ್ಲಾಡದ ಹಾಗೆ ಕಟ್ಟಿಹಾಕಿದವರು ಇವತ್ತಿನವರೆಗೂ ಅವರೊಬ್ಬರೇ. ಆ ವಾರದಿಂದ ಹಾಸ್ಟೆಲಿನಲ್ಲಿ ಏಳೂವರೆಗೆ ತಿಂಡಿ. ತಾಯಮ್ಮನ ಮಗಳು ಪರೀಕ್ಷೆ ಅದೇ ಕೋಣೆಯಲ್ಲಿದ್ದುಕೊಂಡೇ ಬರೆದಳು, ಪಾಸೂ ಆದಳು.

ನಾನು ಧೂಳು ಕೂರಿಸುವುದನ್ನು ನಿಲ್ಲಿಸಿ, ರಾಶಿಯ ಮೇಲೆ ತಗಡಿನ ಚಾವಣಿ ಹಾಕಿಸಿದೆ. ಸುತ್ತ ಗೋಣಿತಾಟು ಕಟ್ಟಿದೆ. ಧೂಳು ಅದರಲ್ಲೇ ನಿಂತಿತು. ಬಾಗಿಲಿಗೆ ‘ಒಣ ಇದ್ದಿಲು’ ಅಂತ ಬೋರ್ಡು ಬರೆಸಿದೆ. ಪಕ್ಕದ ಡಿಪೋಗಳವರು ನಕ್ಕರು. ದರ ಹೆಚ್ಚಿದ್ದರೂ ಹೋಟೆಲಿನವರು, ಮದುವೆ ಅಡುಗೆಯವರು ಹುಡುಕಿಕೊಂಡು ಬಂದರು. ನಷ್ಟವಾಯಿತೇ ಅಂತ ನೀವು ಕೇಳಿದರೆ, ಇಲ್ಲ. ಲಾಭಕ್ಕಾಗಿ ಒಳ್ಳೆಯವನಾದೆ ಅಂತ ಗೌರಿ ಈಗಲೂ ಹಂಗಿಸುತ್ತಾಳೆ. ಇರಬಹುದು. ಆದರೆ ಆ ಹದಿನೈದು ರೂಪಾಯಿ ಮೇಜಿನ ಮೇಲಿಡುವಾಗ ಲಾಭ ನನ್ನ ತಲೆಯಲ್ಲಿ ಇರಲಿಲ್ಲ. ತಾಯಮ್ಮ ಕ್ಷಮೆ ಕೇಳಿದ್ದು ನೆನಪಾದರೆ ಈಗಲೂ, ಊಟದ ಎಲೆಯ ಮುಂದೆ ಕೂತಿದ್ದರೂ, ಕೈ ಒಂದು ಗಳಿಗೆ ನಿಲ್ಲುತ್ತದೆ.

ಈಗ ಎಷ್ಟೋ ಮನೆಗಳಿಗೆ ಗ್ಯಾಸು ಬಂದಿದೆ. ಇನ್ನೂ ಇದ್ದಿಲು ಕೊಳ್ಳುವವರು ಇದ್ದರೆ ಅನುಭವಸ್ಥನ ಮಾತು ಕೇಳಿ. ಮೇಲಿನ ತುಂಡು ನೋಡಿ ಕೊಳ್ಳಬೇಡಿ, ಮೂಟೆಯ ತಳದಿಂದ ತೆಗೆಸಿ. ಎರಡನ್ನು ಒಂದಕ್ಕೊಂದು ಬಡಿದರೆ ಠಣ್ ಅನ್ನಬೇಕು; ಮೆತ್ತಗೆ ಪೊಟ್ ಅಂದರೆ ಕೈ ಬಿಡಿ. ಒಂದು ತುಂಡನ್ನು ಮುರಿದು ಒಳಭಾಗವನ್ನು ಕೆನ್ನೆಗೆ ಹಿಡಿದು ನೋಡಿ. ತಣ್ಣಗೆ ತಾಗಿದರೆ ಒಳಗೆ ನೀರಿದೆ, ಮುಖ ಕರಿಯಾದರೆ ತೊಳೆದುಕೊಂಡರಾಯಿತು. ತೇವ ಇದ್ದೇ ಇದೆ ಅಂದಾಗ ತೂಕಕ್ಕೆ ಕೊಳ್ಳದೆ ಬುಟ್ಟಿ ಲೆಕ್ಕಕ್ಕೆ ಕೇಳಿ. ನೀರು ಬುಟ್ಟಿಯಲ್ಲಿ ಜಾಗ ಹಿಡಿಯುವುದಿಲ್ಲ. ಇದ್ದಿಲಿಗೆ ಮಾತ್ರವಲ್ಲ, ಹುಣಸೆಹಣ್ಣು, ಬೆಲ್ಲ, ಹತ್ತಿ, ತೂಕಕ್ಕೆ ಮಾರುವ ಯಾವುದಕ್ಕೂ ಇದೇ ಮಾತು. ಮಾರುವವನು ತನ್ನ ಕಸುಬಿನ ಚಂದದ ಹೆಸರೊಂದನ್ನು ಹೇಳಿದರೆ, ಅದರ ಅರ್ಥವೇನು ಅಂತ ನಾಚಿಕೆ ಬಿಟ್ಟು ಕೇಳಿ.

ಕೊನೆಯದಾಗಿ ಒಂದು. ಮನೆಯಲ್ಲಾಗಲಿ ಹಾಸ್ಟೆಲಿನಲ್ಲಾಗಲಿ ತಿಂಡಿ ತಡವಾಯಿತು ಅಂತ ಅಡುಗೆಯವರನ್ನು ಬೈಯುವ ಮೊದಲು, ಒಂದು ಬೆಳಗ್ಗೆ ಅವರ ಒಲೆಯನ್ನು ನೀವೇ ಹಚ್ಚಿ ನೋಡಿ.